ಪೈಪ್ ಹಾಕಿದೊಡನೆ ಹುಡುಕುವ ಟೂಲ್ ಕೆಡುವುದೇಕೆ?

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದ ಪುಸ್ತಕಪಟ್ಟಿ ಹತ್ತಾರು ಟೆಕ್ಸ್ಟ್ ಫೈಲ್‌ಗಳಲ್ಲಿದೆ. ಅದರಲ್ಲಿ ಪದ ಹುಡುಕಲು ಲಿನಕ್ಸ್‌ನಲ್ಲಿ, ಪೈಥಾನ್ ಬಳಸಿ ‘ಹುಡುಕು’ ಎಂಬ ಚಿಕ್ಕ ಟೂಲ್ ಬರೆದಿದ್ದೇನೆ. ಮೊದಲ ಆರ್ಗ್ಯುಮೆಂಟ್ ಪ್ಯಾಟರ್ನ್, ಎರಡನೆಯದು ಫೈಲ್ ಹೆಸರು. ಒಂದೇ ಫೈಲ್ ಕೊಟ್ಟರೆ ಸರಿಯಾಗಿ ಕೆಲಸ ಮಾಡುತ್ತದೆ. ಬೇರೆ ಕಮಾಂಡಿನ ಔಟ್‌ಪುಟ್‌ನ್ನು ‘|’ ಚಿಹ್ನೆಯಿಂದ ಇದಕ್ಕೆ ಹರಿಸಿದರೆ, ಅಂದರೆ ಪೈಪ್ ಮಾಡಿದರೆ, ‘ಇಂಡೆಕ್ಸ್ ಎರರ್’ ಬರುತ್ತದೆ. ‘ಪಟ್ಟಿ*’ ಎಂದು ಕೊಟ್ಟರೆ ಮೊದಲ ಫೈಲನ್ನು ಮಾತ್ರ ನೋಡುತ್ತದೆ. ಹೈಫನ್‌ನಿಂದ ಶುರುವಾಗುವ ಪ್ಯಾಟರ್ನ್ ಹುಡುಕಲು ಆಗುತ್ತಿಲ್ಲ. ಒಮ್ಮೊಮ್ಮೆ ಸ್ಕ್ರಿಪ್ಟಿನೊಳಗೆ ಏನೂ ಹೇಳದೆ ಸುಮ್ಮನೆ ನಿಂತುಬಿಡುತ್ತದೆ. ಸಾಲು ಹುಡುಕುವ ಲಿನಕ್ಸ್ ಕಮಾಂಡ್ ಗ್ರೆಪ್‌ನ ಹಾಗೆ ನಡೆದುಕೊಳ್ಳಬೇಕಾದರೆ ಏನೇನು ಬದಲಿಸಬೇಕು?

ಉತ್ತರ: ನಿಮ್ಮ ನಾಲ್ಕು ದೂರುಗಳ ಬೇರು ಒಂದೇ. ‘ಎರಡನೆಯ ಜಾಗದಲ್ಲಿರುವುದು ಫೈಲ್’ ಎಂದು ಪ್ರೋಗ್ರಾಮ್ ನಂಬಿಕೊಂಡಿದೆ. ಆ ಜಾಗದಲ್ಲಿ ಏನೂ ಇಲ್ಲದಿರಬಹುದು, ಐವತ್ತು ಹೆಸರುಗಳ ಮೊದಲನೆಯದು ಇರಬಹುದು, ಆಪ್ಷನ್ ಇರಬಹುದು, ಪ್ಯಾಟರ್ನಿನ ಅರ್ಧ ತುಂಡೂ ಇರಬಹುದು. ಯಾವ ಪದ ಯಾವುದಕ್ಕೆ ಸೇರಿದ್ದು ಎಂಬುದನ್ನು ಒಂದೂ ಸಾಲು ಓದುವ ಮೊದಲೇ, ಒಂದೇ ಕಡೆ ತೀರ್ಮಾನಿಸಿ. ಉಳಿದದ್ದೆಲ್ಲ ಅದರಿಂದ ಸುಲಭವಾಗುತ್ತದೆ. (ಕಮಾಂಡ್, ಆಪ್ಷನ್ ಮತ್ತು ಪೈಥಾನ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ‘ಹುಡುಕು’, ‘ಪಟ್ಟಿ-1’ ಇಂಥ ಹೆಸರುಗಳು ಮಾತ್ರ ಲಿನಕ್ಸ್‌ನಲ್ಲಿ ಕನ್ನಡದಲ್ಲೇ ನಡೆಯುತ್ತವೆ.)

ಮೊದಲು ಶೆಲ್ (ನೀವು ಹೊಡೆದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಮ್) ಏನು ಮಾಡುತ್ತದೆ ನೋಡಿ, ಏಕೆಂದರೆ ನೀವು ಟೈಪ್ ಮಾಡಿದ್ದು ನಿಮ್ಮ ಪ್ರೋಗ್ರಾಮಿಗೆ ಹಾಗೇ ತಲುಪುವುದಿಲ್ಲ. ನೀವು

ಹುಡುಕು ಮಳೆ ಪಟ್ಟಿ*

ಎಂದು ಹೊಡೆದಾಗ ನಕ್ಷತ್ರವನ್ನು ಬಿಡಿಸುವುದು ಶೆಲ್. ಪ್ರೋಗ್ರಾಮಿನ ಸಿಸ್.ಆರ್ಗ್‌ವಿ ಪಟ್ಟಿಗೆ ಬರುವುದು ಹೀಗೆ: ಸೊನ್ನೆಯಲ್ಲಿ ಪ್ರೋಗ್ರಾಮಿನ ಹೆಸರು, ಒಂದರಲ್ಲಿ ‘ಮಳೆ’, ಎರಡರಲ್ಲಿ ‘ಪಟ್ಟಿ-1’, ಮೂರರಲ್ಲಿ ‘ಪಟ್ಟಿ-2’, ಹೀಗೇ ಮುಂದಕ್ಕೆ. ನಕ್ಷತ್ರ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀವು ಎರಡನೆಯದನ್ನು ಮಾತ್ರ ತೆರೆದಿದ್ದರಿಂದ ಮೊದಲ ಫೈಲ್ ಮಾತ್ರ ಹುಡುಕಿತು. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಶೆಲ್ ನಕ್ಷತ್ರವನ್ನು ಬಿಡಿಸುವುದಿಲ್ಲ, ‘ಪಟ್ಟಿ*’ ಎಂಬ ಅಕ್ಷರಗಳೇ ಒಳಗೆ ಬರುತ್ತವೆ. ಅಲ್ಲೂ ನಡೆಯಬೇಕಿದ್ದರೆ ಗ್ಲಾಬ್ ಮಾಡ್ಯೂಲಿನಿಂದ ನೀವೇ ಬಿಡಿಸಬೇಕು.

ಕೋಟ್ ಹಾಕದ ಪ್ಯಾಟರ್ನ್ ಇನ್ನೂ ಕೆಟ್ಟದ್ದು. ‘ಹುಡುಕು ಮಳೆ ನೀರು ಪಟ್ಟಿ-1’ ಎಂದರೆ ಪ್ಯಾಟರ್ನ್ ಬರೀ ‘ಮಳೆ’. ‘ನೀರು’ ಎಂಬುದು ಫೈಲ್ ಹೆಸರಾಗಿ, ಅಂಥ ಫೈಲ್ ಇಲ್ಲ ಎಂಬ ದೂರು ಬರುತ್ತದೆ. ಇದಾದರೂ ಕೂಡಲೇ ಗೊತ್ತಾಗುವ ತಪ್ಪು. ‘ಪ.*’ ಎಂಬ ಪ್ಯಾಟರ್ನನ್ನು ಕೋಟ್ ಇಲ್ಲದೆ ಕೊಟ್ಟರೆ, ‘ಪ.’ ಎಂದು ಶುರುವಾಗುವ ಫೈಲ್ ಆ ಡೈರೆಕ್ಟರಿಯಲ್ಲಿ ಇಲ್ಲದಿರುವವರೆಗೆ ಬ್ಯಾಷ್ ಎಂಬ ಶೆಲ್ ಅದನ್ನು ಹಾಗೇ ದಾಟಿಸುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ನಡೆದು, ಅಂಥ ಹೆಸರಿನ ಫೈಲ್ ಬಂದ ದಿನ ಕೈಕೊಡುತ್ತದೆ. ಝಡ್‌ಶೆಲ್ ಮೊದಲ ದಿನವೇ ‘ನೋ ಮ್ಯಾಚಸ್ ಫೌಂಡ್’ ಎಂದು ನಿಲ್ಲಿಸುತ್ತದೆ, ಅದೇ ಒಳ್ಳೆಯದು. ಪ್ಯಾಟರ್ನನ್ನು ಯಾವಾಗಲೂ ಒಂಟಿ ಕೋಟ್‌ನಲ್ಲಿ ಹಾಕಿ. ಜೋಡಿ ಕೋಟ್‌ನೊಳಗೆ ಡಾಲರ್ ಚಿಹ್ನೆಗೆ ಶೆಲ್ ಬೇರೆ ಅರ್ಥ ಕೊಡುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪ್ಯಾಟರ್ನ್ ಬರೆಯುವ ಚಿಹ್ನೆಗಳ ಭಾಷೆಯಲ್ಲಿ) ಅದೇ ಚಿಹ್ನೆ ‘ಸಾಲಿನ ಕೊನೆ’.

ನಿಮ್ಮ ಸ್ಕ್ರಿಪ್ಟ್ ಸುಮ್ಮನೆ ನಿಲ್ಲುವುದಕ್ಕೂ ಕೋಟ್‌ನ ಕೊರತೆಯೇ ಕಾರಣವಿರುವ ಸಾಧ್ಯತೆ ಹೆಚ್ಚು. ಸ್ಕ್ರಿಪ್ಟಿನಲ್ಲಿ ಹುಡುಕುವ ಪದವನ್ನು ಶೆಲ್ ವೇರಿಯಬಲ್‌ನಲ್ಲಿಟ್ಟು, ಕೋಟ್ ಇಲ್ಲದೆ ಬಳಸಿದ್ದೀರಿ ಎನ್ನಿ. ಆ ವೇರಿಯಬಲ್ ಖಾಲಿ ಇದ್ದ ದಿನ ಶೆಲ್ ಅದನ್ನು ಖಾಲಿ ಆರ್ಗ್ಯುಮೆಂಟ್ ಆಗಿ ದಾಟಿಸುವುದಿಲ್ಲ, ಪೂರ್ತಿ ಅಳಿಸಿಬಿಡುತ್ತದೆ. ಆಗ ‘ಪಟ್ಟಿ-1’ ಎಂಬುದು ಪ್ಯಾಟರ್ನ್ ಆಗುತ್ತದೆ, ಫೈಲ್ ಹೆಸರೇ ಇರುವುದಿಲ್ಲ. ನಿಮ್ಮ ಈಗಿನ ಟೂಲ್ ಅಲ್ಲಿ ಇಂಡೆಕ್ಸ್ ಎರರ್‌ನಿಂದ ಬೀಳುತ್ತದೆ, ಸ್ಕ್ರಿಪ್ಟ್ ಎರರ್ ಸಾಲುಗಳನ್ನು ಬೇರೆಡೆ ಕಳಿಸುತ್ತಿದ್ದರೆ ಅದು ಕಾಣುವುದೂ ಇಲ್ಲ. ಗ್ರೆಪ್ ಆಗಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ (ಪೈಪ್ ಅಥವಾ ಕೀಬೋರ್ಡಿನ ಸಾಲುಗಳು ಬರುವ ದಾರಿ) ಏನಾದರೂ ಬರಲೆಂದು ಕಾಯುತ್ತಾ ಕೂರುತ್ತಿತ್ತು. ವೇರಿಯಬಲ್ಲಿಗೆ ಜೋಡಿ ಕೋಟ್ ಹಾಕಿದರೆ ಖಾಲಿ ಪ್ಯಾಟರ್ನ್ ಒಂದು ಆರ್ಗ್ಯುಮೆಂಟ್ ಆಗಿಯೇ ಬರುತ್ತದೆ. ಖಾಲಿ ಪ್ಯಾಟರ್ನ್ ಎಂದರೆ ಎಲ್ಲ ಸಾಲಿಗೂ ಹೊಂದುವ ಪ್ಯಾಟರ್ನ್, ಅದು ತಪ್ಪಲ್ಲ. ಹಾಗಾಗಿ ಕೋಡಿನಲ್ಲಿ ‘ಪ್ಯಾಟರ್ನ್ ಖಾಲಿಯೇ?’ ಎಂದು ಪರೀಕ್ಷಿಸಬೇಡಿ. ‘ಪ್ಯಾಟರ್ನ್ ಸಿಕ್ಕಿದೆಯೇ, ಅಂದರೆ ನನ್ (ಪೈಥಾನ್‌ನಲ್ಲಿ ಏನೂ ಇಲ್ಲ ಎಂಬ ಬೆಲೆ) ಅಲ್ಲವೇ?’ ಎಂದು ಪರೀಕ್ಷಿಸಿ. ಅನುಮಾನ ಬಂದಾಗಲೆಲ್ಲ ಮೊದಲ ಸಾಲಿನಲ್ಲೇ ಸಿಸ್.ಆರ್ಗ್‌ವಿಯ ರೆಪ್ರ್ ರೂಪವನ್ನು (ಪ್ರತಿ ಪದವನ್ನೂ ಕೋಟ್ ಸಮೇತ ತೋರಿಸುವ ರೂಪ) ಸ್ಟ್ಯಾಂಡರ್ಡ್ ಎರರ್‌ಗೆ (ದೂರುಗಳಿಗೆಂದು ಇರುವ ಬೇರೆ ಔಟ್‌ಪುಟ್) ಮುದ್ರಿಸಿ ನೋಡಿ. ಶೆಲ್ ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈಗ ಪೈಪ್. ‘|’ ಮತ್ತು ‘<’ ಚಿಹ್ನೆಗಳೂ, ‘<’ ಪಕ್ಕದ ಫೈಲ್ ಹೆಸರೂ ಆರ್ಗ್ಯುಮೆಂಟ್‌ಗಳಲ್ಲ. ಅವು ಶೆಲ್‌ಗೆ ಹೇಳಿದ ಮಾತು. ‘ಹುಡುಕು ಮಳೆ < ಪಟ್ಟಿ-1’ ಎಂದಾಗ ಶೆಲ್ ಆ ಫೈಲನ್ನು ತಾನೇ ತೆರೆದು ನಿಮ್ಮ ಪ್ರೋಗ್ರಾಮಿನ ಸೊನ್ನೆಯ ಫೈಲ್ ಡಿಸ್ಕ್ರಿಪ್ಟರ್‌ಗೆ, ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ, ಜೋಡಿಸುತ್ತದೆ. ಆರ್ಗ್‌ವಿಯಲ್ಲಿ ಇರುವುದು ಎರಡೇ ಪದ. ಎರಡನೇ ಜಾಗ ಕೇಳಿದರೆ ಇಂಡೆಕ್ಸ್ ಎರರ್ ಬಾರದೆ ಇನ್ನೇನು ಬಂದೀತು? ಯುನಿಕ್ಸ್‌ಗೆ ಪೈಪ್ ಬಂದದ್ದು 1973ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಯೋಚನೆ ಡಗ್ ಮೆಕಿಲ್ರಾಯ್ ಅವರದು, ಬರೆದು ಸೇರಿಸಿದ್ದು ಕೆನ್ ಥಾಂಪ್ಸನ್. ಅದೇ ವರ್ಷದ ನಾಲ್ಕನೇ ಆವೃತ್ತಿಯ ಯುನಿಕ್ಸ್ ಕೈಪಿಡಿಯಲ್ಲಿ ಥಾಂಪ್ಸನ್ನರ ಗ್ರೆಪ್ ಕೂಡ ಇದೆ. ‘ಎಡ್’ ಎಡಿಟರ್‌ನಲ್ಲಿ ಹೊಂದುವ ಸಾಲುಗಳನ್ನೆಲ್ಲ ಮುದ್ರಿಸುವ ಜಿ-ಆರ್‌ಇ-ಪಿ ಕಮಾಂಡೇ ಅದರ ಹೆಸರಿಗೆ ಮೂಲ. ಎಡ್ ಇಡೀ ಫೈಲನ್ನು ತನ್ನ ಬಫರ್‌ಗೆ ತುಂಬಿಕೊಂಡು ಕೆಲಸ ಮಾಡುತ್ತಿತ್ತು. ಗ್ರೆಪ್ ಹಾಗಲ್ಲ: ಸಾಲು ಬರುತ್ತದೆ, ನೋಡುತ್ತದೆ, ಬಿಡುತ್ತದೆ. ಸಾಲು ಫೈಲಿನಿಂದ ಬಂತೋ ಪೈಪಿನಿಂದ ಬಂತೋ ಅದಕ್ಕೆ ಬೇಕಿಲ್ಲ. ನಿಮ್ಮ ಟೂಲಿಗೂ ಬೇಕಿರಬಾರದು.

ಆರ್ಗ್ಯುಮೆಂಟ್ ವಿಂಗಡಿಸಲು ಹೆಚ್ಚಿನವರು ಆರ್ಗ್‌ಪಾರ್ಸ್ ಹೇಳಿಕೊಡುತ್ತಾರೆ. ಬೇರೆ ಕೆಲಸಗಳಿಗೆ ಅದು ಒಳ್ಳೆಯ ಮಾಡ್ಯೂಲ್. ಗ್ರೆಪ್ ತರಹದ ಟೂಲಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ‘-ಇ’ ಆಪ್ಷನ್ನಿನ ನಂತರ ಬರುವುದು ಏನೇ ಇರಲಿ ಪ್ಯಾಟರ್ನ್ ಆಗಬೇಕು. ಹೈಫನ್‌ನಿಂದ ಶುರುವಾಗುವ ಪದ ಹುಡುಕಲೆಂದೇ ಅದು ಇರುವುದು. ಆರ್ಗ್‌ಪಾರ್ಸ್‌ಗೆ ‘-ಇ -ಮಳೆ’ ಎಂದು ಕೊಡಿ. ‘-ಮಳೆ’ ಇನ್ನೊಂದು ಆಪ್ಷನ್ ಇರಬೇಕು ಎಂದುಕೊಂಡು, ‘-ಇ’ಗೆ ಒಂದು ಆರ್ಗ್ಯುಮೆಂಟ್ ಬೇಕಿತ್ತು ಎಂದು ತಕರಾರು ತೆಗೆಯುತ್ತದೆ. ‘-ಇ-ಮಳೆ’ ಎಂದು ಅಂಟಿಸಿ ಬರೆದರೆ ಮಾತ್ರ ಒಪ್ಪುತ್ತದೆ. ಇನ್ನೊಂದು ತೊಡಕು, ‘ಹುಡುಕು ಮಳೆ -ಎನ್ ಪಟ್ಟಿ-1’ ಎಂದು ಆಪ್ಷನ್ ನಡುವೆ ಬಂದಾಗ: ಉಳಿದ ಪದಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿಕೊಳ್ಳಲು ಹೇಳಿದ್ದರೆ, ಮೊದಲ ಗುಂಪಿಗೇ ತೃಪ್ತಿಯಾಗಿ ‘ಪಟ್ಟಿ-1’ನ್ನು ಗುರುತಿಲ್ಲದ ಆರ್ಗ್ಯುಮೆಂಟ್ ಎನ್ನುತ್ತದೆ.

ಪೈಥಾನ್‌ನಲ್ಲೇ ಇರುವ ಗೆಟ್‌ಆಪ್ಟ್ ಮಾಡ್ಯೂಲಿನ ಗ್ನು_ಗೆಟ್‌ಆಪ್ಟ್ ಫಂಕ್ಷನ್ ಈ ಎಲ್ಲವನ್ನೂ ಗ್ರೆಪ್ ಮಾಡುವಂತೆಯೇ ಮಾಡುತ್ತದೆ. ಆಪ್ಷನ್‌ಗಳು ಎಲ್ಲಿ ಬಂದರೂ ಆರಿಸಿಕೊಳ್ಳುತ್ತದೆ. ‘-ಐಎನ್’ ಎಂದು ಜೋಡಿಸಿದ್ದನ್ನು ಎರಡಾಗಿ ಬಿಡಿಸುತ್ತದೆ. ‘-ಇ’ಯ ಮುಂದಿನ ಪದವನ್ನು ಮರುಮಾತಿಲ್ಲದೆ ಅದರ ಬೆಲೆಯಾಗಿ ತೆಗೆದುಕೊಳ್ಳುತ್ತದೆ. ‘--’ ಕಂಡ ಮೇಲೆ ಬರುವುದನ್ನೆಲ್ಲ ಆಪ್ಷನ್ ಅಲ್ಲವೆಂದು ಬಿಡುತ್ತದೆ. ಒಂಟಿ ‘-’ನ್ನು ಆಪ್ಷನ್ ಎಂದು ಮುಟ್ಟುವುದಿಲ್ಲ. ‘--’ ಆಪ್ಷನ್‌ಗಳ ಕೊನೆ, ‘-’ ಎಂದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಎಂಬುದು ಪಾಸಿಕ್ಸ್ ಎಂಬ ಯುನಿಕ್ಸ್ ಮಾನದಂಡದ ನಿಯಮಗಳಲ್ಲೇ ಇರುವ ರೂಢಿ. ಸಹಾಯದ ಪಠ್ಯವನ್ನು ಕೈಯಾರೆ ಬರೆಯಬೇಕು, ಅಷ್ಟೇ ಹೆಚ್ಚುವರಿ ಕೆಲಸ. ಗೊತ್ತಿಲ್ಲದ ಆಪ್ಷನ್ ಬಂದರೆ ಗೆಟ್‌ಆಪ್ಟ್‌ಎರರ್ ಎಸೆಯುತ್ತದೆ. ಅದನ್ನು ಹಿಡಿದು, ಸಂದೇಶವನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ಎಕ್ಸಿಟ್ ಕೋಡ್ 2 ಕೊಟ್ಟು ಹೊರಬನ್ನಿ.

ಗೆಟ್‌ಆಪ್ಟ್ ಮುಗಿದಾಗ ಕೈಯಲ್ಲಿರುವುದು ಆಪ್ಷನ್‌ಗಳು ಮತ್ತು ಉಳಿದ ಪದಗಳ ಒಂದು ಪಟ್ಟಿ. ಆ ಪಟ್ಟಿಯ ಮೊದಲ ಪದ ಯಾವಾಗಲೂ ಪ್ಯಾಟರ್ನ್ ಅಲ್ಲ. ‘-ಇ’ಯಿಂದಲೋ, ಪ್ಯಾಟರ್ನ್‌ಗಳನ್ನು ಫೈಲಿನಿಂದ ಓದುವ ‘-ಎಫ್’ನಿಂದಲೋ ಪ್ಯಾಟರ್ನ್ ಆಗಲೇ ಬಂದಿದ್ದರೆ ಉಳಿದ ಪದಗಳೆಲ್ಲ ಫೈಲ್‌ಗಳೇ. ಈ ಒಂದು ಭೇದ ತಪ್ಪಿದರೆ ‘ಹುಡುಕು -ಇ ಮಳೆ ಪಟ್ಟಿ-1’ ಕೂಡ ಇನ್‌ಪುಟ್‌ಗಾಗಿ ಕಾಯುತ್ತಾ ನಿಲ್ಲುತ್ತದೆ. ತಿರುಳು ಇಷ್ಟು:

ಪ್ಯಾಟರ್ನ್‌ಗಳು = ‘-ಇ’, ‘-ಎಫ್’ನಿಂದ ಬಂದವು; ಎರಡೂ ಇಲ್ಲದಿದ್ದರೆ ನನ್
ಮೂಲಗಳು = ಉಳಿದ ಪದಗಳು
ಪ್ಯಾಟರ್ನ್‌ಗಳು ನನ್ ಆಗಿದ್ದರೆ:
    ಮೂಲಗಳು ಖಾಲಿ ಇದ್ದರೆ: ಬಳಸುವ ರೀತಿಯ ಒಂದು ಸಾಲು ಎರರ್‌ಗೆ, ಕೋಡ್ 2
    ಪ್ಯಾಟರ್ನ್‌ಗಳು = [ಮೂಲಗಳಿಂದ ತೆಗೆದ ಮೊದಲ ಪದ]
ಮೂಲಗಳು ಖಾಲಿ ಇದ್ದರೆ:
    ಮೂಲಗಳು = ["-"]

ಕೊನೆಯ ಎರಡು ಸಾಲು ನೋಡಿ. ‘ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಬೇರೆ ಕೋಡ್, ಫೈಲ್‌ಗೆ ಬೇರೆ ಕೋಡ್’ ಎಂಬ ಕವಲು ಅಲ್ಲಿಗೆ ಮುಗಿಯುತ್ತದೆ. ಮುಂದೆ ಒಂದೇ ಲೂಪ್: ಹೆಸರು ‘-’ ಆಗಿದ್ದರೆ ಸಿಸ್.ಎಸ್‌ಟಿಡಿಇನ್, ಅಲ್ಲದಿದ್ದರೆ ಓಪನ್. ‘ಹುಡುಕು ಮಳೆ ಪಟ್ಟಿ-1 - ಪಟ್ಟಿ-2’ ಎಂದು ಪೈಪನ್ನು ಎರಡು ಫೈಲ್‌ಗಳ ನಡುವೆ ಸೇರಿಸುವುದೂ ತಾನಾಗಿ ನಡೆಯುತ್ತದೆ. ‘-’ ಎರಡು ಸಲ ಬಂದರೆ ಎರಡನೆಯ ಸಲ ಏನೂ ಸಿಗುವುದಿಲ್ಲ, ಪೈಪ್ ಬರಿದಾಗಿರುತ್ತದೆ. ಇದೇ ಕಾರಣಕ್ಕೆ ‘-ಎಫ್ -’ ಎಂದು ಪ್ಯಾಟರ್ನ್‌ಗಳನ್ನು ಇನ್‌ಪುಟ್‌ನಿಂದ ಓದುತ್ತಾ, ಸಾಲುಗಳನ್ನೂ ಅಲ್ಲಿಂದಲೇ ಕೇಳಿದರೆ ಎರರ್ ಕೊಟ್ಟು ನಿಲ್ಲಿಸಿ. ನಿಜಕ್ಕೂ ‘-’ ಎಂಬ ಹೆಸರಿನ ಫೈಲ್ ಬೇಕಾದವರು ‘./-’ ಎಂದು ಬರೆಯುತ್ತಾರೆ. ‘-ಎಫ್’ ಫೈಲಿನಲ್ಲಿ ಖಾಲಿ ಸಾಲೊಂದು ಉಳಿದರೆ ಅದು ಖಾಲಿ ಪ್ಯಾಟರ್ನ್, ಪಟ್ಟಿಯ ಎಲ್ಲ ಸಾಲೂ ಹೊಂದಿಬಿಡುತ್ತದೆ. ಗ್ರೆಪ್‌ನಲ್ಲೂ ಹೀಗೇ ಆಗುತ್ತದೆ, ಜನ ಇದರಿಂದ ಬಹಳ ಸಲ ಕಂಗೆಡುತ್ತಾರೆ.

ಆರ್ಗ್‌ಪಾರ್ಸ್‌ನ ಫೈಲ್‌ಟೈಪ್ ಬಳಸುವ ಸಲಹೆ ಕೇಳಿದ್ದರೆ ಬಿಟ್ಟುಬಿಡಿ. ಅದು ಆರ್ಗ್ಯುಮೆಂಟ್ ಓದುವಾಗಲೇ ಎಲ್ಲ ಫೈಲ್‌ಗಳನ್ನೂ ತೆರೆಯುತ್ತದೆ. ಐವತ್ತರಲ್ಲಿ ಒಂದು ಇಲ್ಲದಿದ್ದರೆ ಉಳಿದ ನಲವತ್ತೊಂಬತ್ತನ್ನೂ ಹುಡುಕದೆ ಸಾಯುತ್ತದೆ. ಸರಿಯಾದ ನಡತೆ ಎಂದರೆ ಫೈಲನ್ನು ಅದರ ಸರದಿ ಬಂದಾಗ ತೆರೆಯುವುದು, ಓಎಸ್‌ಎರರ್ ಬಂದರೆ ‘ಹುಡುಕು: ಪಟ್ಟಿ-7: ಇಂಥ ಫೈಲ್ ಇಲ್ಲ’ ಎಂದು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು, ತಪ್ಪಾಗಿದೆ ಎಂದು ಗುರುತು ಹಾಕಿಕೊಂಡು ಮುಂದಿನ ಫೈಲ್‌ಗೆ ಹೋಗುವುದು. ಫೈಲ್ ಬದಲು ಡೈರೆಕ್ಟರಿ ಕೊಟ್ಟಾಗಿನ ಎರರ್ ಕೂಡ ಓಎಸ್‌ಎರರ್‌ನ ಸಂತಾನವೇ, ಬೇರೆಯಾಗಿ ಹಿಡಿಯಬೇಕಿಲ್ಲ. ದೂರಿನ ಒಂದಕ್ಷರವೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗಬಾರದು. ಅದು ಮುಂದಿನ ಕಮಾಂಡಿನ ಹೊಟ್ಟೆಗೆ ಪುಸ್ತಕದ ಸಾಲಾಗಿಯೇ ಇಳಿಯುತ್ತದೆ.

ಮೂಲಗಳು ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿ ಸಾಲಿನ ಮುಂದೆ ಫೈಲ್ ಹೆಸರು ಮತ್ತು ಕೋಲನ್ ಬರಲಿ, ಒಂದೇ ಇದ್ದರೆ ಬೇಡ. ಗ್ರೆಪ್‌ನ ರೂಢಿ ಇದು. ಯಾವಾಗಲೂ ಹೆಸರು ಬೇಕೆನ್ನುವವರಿಗೆ ದೊಡ್ಡ ‘-ಎಚ್’, ಬೇಡವೆನ್ನುವವರಿಗೆ ಚಿಕ್ಕ ‘-ಎಚ್’ ಇಡಿ. ಇನ್‌ಪುಟ್‌ನಿಂದ ಬಂದ ಸಾಲಿಗೆ ‘(ಸ್ಟ್ಯಾಂಡರ್ಡ್ ಇನ್‌ಪುಟ್)’ ಎಂಬ ಹೆಸರು ಸಾಕು.

ಫೈಲ್ ಹೆಸರಿಲ್ಲದೆ, ಪೈಪೂ ಇಲ್ಲದೆ ಯಾರಾದರೂ ಓಡಿಸಿದರೆ? ಟೂಲ್ ಕೀಬೋರ್ಡಿಗಾಗಿ ಕಾಯುತ್ತದೆ. ಕಂಟ್ರೋಲ್-ಡಿ ಒತ್ತಿದರೆ ಮುಗಿಯುತ್ತದೆ. ಈಸ್‌ಎಟಿಟಿವೈ ಎಂಬ ಪರೀಕ್ಷೆಯಿಂದ ಇನ್‌ಪುಟ್ ಟರ್ಮಿನಲ್ಲೋ ಅಲ್ಲವೋ ತಿಳಿದು, ಟರ್ಮಿನಲ್ ಆಗಿದ್ದರೆ ‘ಕೀಬೋರ್ಡಿನಿಂದ ಓದುತ್ತಿದೆ’ ಎಂಬ ಒಂದು ಸಾಲನ್ನು ಎರರ್‌ಗೆ ಬರೆಯಬಹುದು. ಅಲ್ಲಿಗೆ ನಿಲ್ಲಿಸಿ. ‘ಟರ್ಮಿನಲ್ ಆಗಿದ್ದರೆ ಈಗಿನ ಡೈರೆಕ್ಟರಿ ಹುಡುಕು, ಇಲ್ಲದಿದ್ದರೆ ಪೈಪ್ ಓದು’ ಎಂಬ ಜಾಣತನ ಬೇಡ. ರಿಪ್‌ಗ್ರೆಪ್ ಎಂಬ ಹುಡುಕುವ ಟೂಲ್ ಆ ದಾರಿ ಹಿಡಿದಿದೆ, ಕೈಯಿಂದ ಓಡಿಸುವಾಗ ಬಹಳ ಹಿತವಾಗಿಯೂ ಇದೆ. ಆದರೆ ಕ್ರಾನ್‌ನಿಂದಲೋ (ಗೊತ್ತುಮಾಡಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ), ಎಡಿಟರ್‌ನಿಂದಲೋ, ಇನ್ನೊಂದು ಪ್ರೋಗ್ರಾಮಿನ ಒಳಗಿನಿಂದಲೋ ಓಡಿಸಿದಾಗ ಇನ್‌ಪುಟ್ ಟರ್ಮಿನಲ್ ಆಗಿರುವುದಿಲ್ಲ, ಅಲ್ಲಿ ಸಾಲೂ ಬರುವುದಿಲ್ಲ. ಅದೇ ಕಮಾಂಡ್ ಒಂದು ಕಡೆ ಹುಡುಕುತ್ತದೆ, ಇನ್ನೊಂದು ಕಡೆ ನಿಂತೇಬಿಡುತ್ತದೆ. ಯಾವ ಮೂಲ ಎಂಬುದನ್ನು ಆರ್ಗ್ಯುಮೆಂಟ್‌ಗಳು ಮಾತ್ರ ಹೇಳಲಿ.

ಇನ್‌ಪುಟ್‌ನ ಇನ್ನೊಂದು ಹಳೇ ಬಲೆ ಶೆಲ್‌ನ ವೈಲ್-ರೀಡ್ ಲೂಪ್. ಲೂಪ್ ತನ್ನ ಹೆಸರುಗಳನ್ನು ‘<’ ಮೂಲಕ ಒಂದು ಫೈಲಿನಿಂದ ಓದುತ್ತಿರುವಾಗ, ಒಳಗೆ ಫೈಲ್ ಹೆಸರಿಲ್ಲದೆ ‘ಹುಡುಕು’ ಓಡಿದರೆ ಅದು ಲೂಪಿನ ಪಟ್ಟಿಯನ್ನೇ ಪೂರ್ತಿ ಓದಿ ಮುಗಿಸುತ್ತದೆ. ಲೂಪ್ ಒಂದೇ ಸುತ್ತಿಗೆ ನಿಲ್ಲುತ್ತದೆ. ಟೂಲಿನಲ್ಲಿ ತಿದ್ದುವಂಥದ್ದೇನಿಲ್ಲ, ಒಳಗಿನ ಕಮಾಂಡಿಗೆ ಅದರದೇ ಫೈಲ್ ಹೆಸರು ಕೊಡಿ ಅಥವಾ ಅದರ ಇನ್‌ಪುಟ್‌ಗೆ ‘< /ಡೆವ್/ನಲ್’ (ಓದಿದರೆ ಸದಾ ಖಾಲಿ ಇರುವ ಫೈಲ್) ಹಾಕಿ.

ಓದುವುದು ಸಾಲುಸಾಲಾಗಿಯೇ ಇರಲಿ. ರೀಡ್ ಎಂದು ಒಂದೇ ಗುಕ್ಕಿಗೆ ತಂದರೆ, ಬೆಳೆಯುತ್ತಿರುವ ಲಾಗ್ ಫೈಲಿಗೆ ‘ಟೇಲ್ -ಎಫ್’ ಹಚ್ಚಿ ಪೈಪ್ ಮಾಡಿದವರಿಗೆ ಎಂದೂ ಉತ್ತರ ಸಿಗುವುದಿಲ್ಲ. ಸಾಲಿನ ಕೊನೆಯ ಹೊಸಸಾಲು ಚಿಹ್ನೆಯನ್ನು ಮಾತ್ರ ತೆಗೆಯಿರಿ. ಸ್ಟ್ರಿಪ್ ಎಂದು ಎಲ್ಲ ಬಿಳಿಜಾಗ ಕಿತ್ತರೆ ಸಾಲಿನ ಮುಂದಿನ ಇಂಡೆಂಟ್ ಹೋಗಿ, ‘ಸಾಲಿನ ಶುರು’ ಎಂಬ ಅರ್ಥದ ‘^’ ತಪ್ಪು ಸಾಲುಗಳಿಗೆ ಹೊಂದುತ್ತದೆ. ಬರೆಯುವಾಗ ಬಫರಿಂಗ್ ಗಮನಿಸಿ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುವಾಗ ಪೈಥಾನ್ ಪ್ರತಿ ಸಾಲನ್ನೂ ಕೂಡಲೇ ಕಳಿಸುತ್ತದೆ. ಪೈಪಿಗೆ ಹೋಗುವಾಗ ಕೆಲವು ಕಿಲೋಬೈಟ್ ತುಂಬುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಆದರೂ 8192 ಬೈಟ್ ತುಂಬಲು ಪುಸ್ತಕಪಟ್ಟಿಯ ಹತ್ತಾರು ಸಾಲು ಬೇಕು. ಅಲ್ಲಿಯವರೆಗೆ ನೋಡುವವರಿಗೆ ಟೂಲ್ ಸತ್ತಂತೆ. ಗ್ನು ಗ್ರೆಪ್‌ನ ‘--ಲೈನ್-ಬಫರ್ಡ್’ ಇರುವುದು ಇದಕ್ಕೇ. ನೀವೂ ಅಂಥ ಒಂದು ಆಪ್ಷನ್ ಇಟ್ಟು, ಪ್ರಿಂಟ್‌ಗೆ ಫ್ಲಷ್ ಸೇರಿಸಿ. ಸದಾ ಫ್ಲಷ್ ಮಾಡಿದರೆ ದೊಡ್ಡ ಫೈಲ್‌ಗಳಲ್ಲಿ ವೇಗ ಬೀಳುತ್ತದೆ.

‘ಹುಡುಕು ಮಳೆ ಪಟ್ಟಿ* | ಹೆಡ್ -1’ ಎಂದಾಗ ಹೆಡ್ ಒಂದು ಸಾಲು ತೆಗೆದುಕೊಂಡು ಹೊರಟುಹೋಗುತ್ತದೆ. ಓದುವವರಿಲ್ಲದ ಪೈಪಿಗೆ ಬರೆದರೆ ಸಾಮಾನ್ಯ ಪ್ರೋಗ್ರಾಮ್‌ಗಳು ಸಿಗ್‌ಪೈಪ್ ಸಿಗ್ನಲ್‌ನಿಂದ ಸದ್ದಿಲ್ಲದೆ ಮುಗಿಯುತ್ತವೆ. ಪೈಥಾನ್ ಆ ಸಿಗ್ನಲನ್ನು ಕಡೆಗಣಿಸುತ್ತದೆ, ಹಾಗಾಗಿ ಬ್ರೋಕನ್‌ಪೈಪ್‌ಎರರ್‌ನ ಉದ್ದನೆಯ ಟ್ರೇಸ್‌ಬ್ಯಾಕ್ ಬರುತ್ತದೆ. ನೆಟ್‌ವರ್ಕ್ ಬಳಸದ ಇಂಥ ಚಿಕ್ಕ ಫಿಲ್ಟರ್‌ಗೆ ಸರಳ ಪರಿಹಾರವೆಂದರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ, ಶುರುವಿನಲ್ಲೇ ಸಿಗ್ನಲ್ ಮಾಡ್ಯೂಲಿನಿಂದ ಸಿಗ್‌ಪೈಪ್‌ನ್ನು ಅದರ ಡೀಫಾಲ್ಟ್ ನಡತೆಗೆ ಮರಳಿಸುವುದು. ಒಂದೇ ಸಾಲು.

ಎಕ್ಸಿಟ್ ಕೋಡ್ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಒಂದಾದರೂ ಸಾಲು ಹೊಂದಿದರೆ 0, ಎಲ್ಲೂ ಹೊಂದದಿದ್ದರೆ 1, ತಪ್ಪು ನಡೆದಿದ್ದರೆ 2. ಕೆಲವು ಸಾಲು ಹೊಂದಿ, ಒಂದು ಫೈಲ್ ತೆರೆಯಲಾಗದಿದ್ದರೂ 2. ಒಂದೇ ವಿನಾಯಿತಿ ‘-ಕ್ಯೂ’: ಏನನ್ನೂ ಮುದ್ರಿಸದೆ, ಮೊದಲ ಹೊಂದಿಕೆ ಸಿಕ್ಕಕೂಡಲೇ 0 ಕೊಟ್ಟು ಹೊರಡುವುದು. ಪೈಥಾನ್‌ನಲ್ಲಿ ಇಲ್ಲೊಂದು ಗುಂಡಿ ಇದೆ. ಹಿಡಿಯದ ಎಕ್ಸೆಪ್ಷನ್‌ನಿಂದ ಪ್ರೋಗ್ರಾಮ್ ಬಿದ್ದರೆ ಪೈಥಾನ್ ಕೊಡುವ ಕೋಡ್ 1. ಅಂದರೆ ನಿಮ್ಮ ಟೂಲ್ ಕುಸಿದುಬಿದ್ದಾಗ ಕರೆದ ಸ್ಕ್ರಿಪ್ಟಿಗೆ ಕೇಳಿಸುವುದು ‘ಪುಸ್ತಕ ಇಲ್ಲ’ ಎಂದು! ಮೇನ್ ಫಂಕ್ಷನ್ ಸುತ್ತ ಒಂದು ಟ್ರೈ ಹಾಕಿ, ನಿರೀಕ್ಷಿಸದ ಎಕ್ಸೆಪ್ಷನ್ ಬಂದರೆ 2 ಕೊಡಿ. ಮುಚ್ಚದ ಆವರಣದಂಥ ತಪ್ಪು ಪ್ಯಾಟರ್ನನ್ನು ಆರ್‌ಇ.ಕಂಪೈಲ್ ಮೊದಲೇ ಹೇಳುತ್ತದೆ. ಕಂಪೈಲನ್ನು ಲೂಪಿನ ಹೊರಗೆ, ಒಂದೂ ಫೈಲ್ ತೆರೆಯುವ ಮೊದಲು ಮಾಡಿ.

ಇನ್ನು ನಿಮ್ಮ ಪಟ್ಟಿ ಕನ್ನಡದಲ್ಲಿದೆ. ಇಂಗ್ಲಿಷ್ ಪಟ್ಟಿಗೆ ಬಾರದ ತೊಂದರೆಗಳು ಇಲ್ಲಿ ಬರುತ್ತವೆ. ಆರ್ಗ್ಯುಮೆಂಟ್ ಎಷ್ಟು ಸರಿಯಾಗಿ ತೆಗೆದುಕೊಂಡರೂ ಇವು ಇದ್ದೇ ಇರುತ್ತವೆ.

ಪೂರ್ತಿ ಪದ ಮಾತ್ರ ಹೊಂದಲಿ ಎಂದು ‘-ಡಬ್ಲ್ಯು’ ಆಪ್ಷನ್ ಇಟ್ಟು, ಪ್ಯಾಟರ್ನಿನ ಎರಡೂ ಬದಿಗೆ ಪದದ ಗಡಿಯ ಚಿಹ್ನೆಯಾದ ‘\ಬಿ’ ಸೇರಿಸಿ ನೋಡಿ. ‘ಮರ’ ಹುಡುಕಿದರೆ ‘ಮರಿ’ ಇರುವ ಸಾಲೂ ಬರುತ್ತದೆ. ಪೈಥಾನ್‌ನ ಆರ್‌ಇ ಮಾಡ್ಯೂಲ್ ಪದದ ಅಕ್ಷರವೆಂದು ಎಣಿಸುವುದು ಅಕ್ಷರ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ. ಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ಬೇರೆ ವರ್ಗ. ‘ಮರಿ’ ಎಂದರೆ ಅದಕ್ಕೆ ಮ, ರ, ನಂತರ ಒಂದು ಗುಡಿಸು. ಗುಡಿಸನ್ನು ಅದು ಪದದ ಹೊರಗಿಟ್ಟು, ‘ರ’ದ ಬಲಕ್ಕೆ ಗಡಿ ಹಾಕುತ್ತದೆ. ಅದರ ಬದಲು ‘ಹಿಂದೆ ಕನ್ನಡ ಬ್ಲಾಕಿನ ಯಾವ ಸಂಕೇತವೂ ಇರಬಾರದು, ಮುಂದೆಯೂ ಇರಬಾರದು’ ಎಂಬ ಎರಡು ನಕಾರದ ಷರತ್ತುಗಳನ್ನು ಪ್ಯಾಟರ್ನಿನ ಆಚೀಚೆ ಇಡಿ. ಆಗ ‘ಮರ’ ಎಂದರೆ ಮರವೇ. ‘ಮರದ’, ‘ಮರಗಳು’ ಬರಬೇಕಿದ್ದರೆ ಬಲಗಡೆಯ ಷರತ್ತು ತೆಗೆಯಬೇಕು. ವಿಭಕ್ತಿ ಅಂಟಿಕೊಳ್ಳುವ ಭಾಷೆಗೆ ‘ಪದದ ಶುರು ಮಾತ್ರ ನೋಡು’ ಎಂಬ ಪ್ರತ್ಯೇಕ ಆಪ್ಷನ್ ಇಡುವುದು ಒಳ್ಳೆಯದು.

ಎರಡನೆಯದು, ಕಣ್ಣಿಗೆ ಒಂದೇ, ಒಳಗೆ ಬೇರೆ. ‘ಕೋಟೆ’ಯ ಮೊದಲ ಅಕ್ಷರದಲ್ಲಿ ಓತ್ವ ಒಂದೇ ಸಂಕೇತವಾಗಿ ಇರಬಹುದು, ಒತ್ವ ಮತ್ತು ದೀರ್ಘ ಎಂದು ಎರಡಾಗಿ ಇರಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿಯೂ ಇರಬಹುದು. ಟೈಪ್ ಮಾಡಿದ ತಂತ್ರಾಂಶದ ಮೇಲೆ ಅದು ನಿಂತಿದೆ. ಮೂರೂ ಪರದೆಯಲ್ಲಿ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದಕ್ಕೊಂದು ಹೊಂದುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ನಲ್ಲಿ ‘ಎನ್‌ಎಫ್‌ಸಿ’ ರೂಪ ಕೇಳಿದರೆ ಮೂರೂ ಒಂದಾಗುತ್ತವೆ. ಪ್ಯಾಟರ್ನಿಗೂ ಮಾಡಿ, ಪ್ರತಿ ಸಾಲಿಗೂ ಮಾಡಿ. ಮುದ್ರಿಸುವಾಗ ಮಾತ್ರ ಮೂಲ ಸಾಲನ್ನೇ ಮುದ್ರಿಸಿ. ಹುಡುಕುವ ಟೂಲ್ ಬೇರೆಯವರ ಪಠ್ಯವನ್ನು ಬದಲಿಸಬಾರದು. ಫೈಲ್ ಹೆಸರಿಗೆ ಇದನ್ನು ಮಾಡಲೇಬೇಡಿ, ಲಿನಕ್ಸ್‌ಗೆ ಹೆಸರೆಂದರೆ ಬರೀ ಬೈಟ್‌ಗಳು, ಒಂದು ಬದಲಾದರೂ ಆ ಫೈಲ್ ಇಲ್ಲ ಎನ್ನುತ್ತದೆ. ‘ಸಾಫ್ಟ್‌ವೇರ್’, ‘ರ‍್ಯಾಂಕ್’ ಇಂಥ ಪದಗಳೊಳಗೆ ಕಾಣದೆ ಕೂತಿರುವ ಜೋಡಿಸುವ-ಬಿಡಿಸುವ ಸಂಕೇತಗಳನ್ನೂ ಹೋಲಿಸುವ ಮೊದಲು ಎರಡೂ ಕಡೆಯಿಂದ ತೆಗೆದುಬಿಡಿ. ಅವನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ.

ವಿಂಡೋಸ್‌ನಿಂದ ಬಂದ ಫೈಲಿನ ತಲೆಯಲ್ಲಿ ಬಾಮ್ ಎಂಬ, ಎನ್‌ಕೋಡಿಂಗ್ ಸೂಚಿಸುವ, ಕಣ್ಣಿಗೆ ಕಾಣದ 3 ಬೈಟ್‌ನ ಗುರುತಿದ್ದರೆ ಮೊದಲ ಸಾಲಿಗೆ ‘^’ ಹೊಂದುವುದಿಲ್ಲ. ಫೈಲ್‌ಗಳನ್ನು ಕ್ಯಾಟ್‌ನಿಂದ ಜೋಡಿಸಿ ಪೈಪ್ ಮಾಡಿದಾಗ ಆ ಗುರುತು ನಡುವೆಯೂ ಬರುತ್ತದೆ, ಆದ್ದರಿಂದ ಅದನ್ನು ಪ್ರತಿ ಸಾಲಿನ ಶುರುವಿನಲ್ಲೂ ನೋಡಿ ತೆಗೆಯಿರಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದೇ ಹೇಳಿ. ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ರೀಕಾನ್ಫಿಗರ್‌ನಿಂದ (ಪೈಥಾನ್ 3.7ರಿಂದ ಇದೆ) ಅದನ್ನೇ ಹೇಳಿ, ಎರರ್ಸ್ ಜಾಗದಲ್ಲಿ ‘ಸರೋಗೇಟ್‌ಎಸ್ಕೇಪ್’ ಕೊಡಿ. ಆಗ ಕೆಟ್ಟ ಬೈಟ್ ಇರುವ ಸಾಲಿಗೆ ಟೂಲ್ ಸಾಯುವುದಿಲ್ಲ, ಆ ಬೈಟ್ ಹೇಗಿತ್ತೋ ಹಾಗೇ ಹೊರಗೆ ಬರುತ್ತದೆ. ಇಷ್ಟೆಲ್ಲ ಮಾಡಿಯೂ ಕೆಲವು ಹಳೇ ಫೈಲ್‌ಗಳಲ್ಲಿ ಏನೂ ಸಿಗದಿದ್ದರೆ ಆ ಫೈಲನ್ನು ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟ್ ಎನ್‌ಕೋಡಿಂಗ್. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಹುಡುಕುವ ಟೂಲಿನ ಕೆಲಸವಲ್ಲ.

ಪಟ್ಟಿಗಳು ಸಾವಿರಗಟ್ಟಲೆ ಆದರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಬರಬಹುದು. ಲಿನಕ್ಸ್‌ನಲ್ಲಿ ಆರ್ಗ್ಯುಮೆಂಟ್ ಮತ್ತು ಎನ್ವಿರಾನ್‌ಮೆಂಟ್ ಸೇರಿ ಸಾಮಾನ್ಯವಾಗಿ 2 ಮೆಗಾಬೈಟ್ ಮಿತಿ. ಆಗ ‘ಫೈಂಡ್ . -ಟೈಪ್ ಎಫ್ -ಪ್ರಿಂಟ್0 | ಎಕ್ಸ್‌ಆರ್ಗ್ಸ್ -0 ಹುಡುಕು ಮಳೆ’ ಬಳಸಿ. ಹೆಸರುಗಳ ನಡುವೆ ಸೊನ್ನೆ ಬೈಟ್ ಇರುವುದರಿಂದ ‘ಹಳೆ ಪಟ್ಟಿ’ಯಂಥ ಜಾಗವಿರುವ ಹೆಸರೂ ಒಡೆಯುವುದಿಲ್ಲ. ಎಕ್ಸ್‌ಆರ್ಗ್ಸ್ ಹೆಸರುಗಳನ್ನು ಕಂತುಕಂತಾಗಿ ಕೊಡುತ್ತದೆ. ಕೊನೆಯ ಕಂತಿನಲ್ಲಿ ಒಂದೇ ಫೈಲ್ ಉಳಿದರೆ ಅದರ ಸಾಲುಗಳಿಗೆ ಹೆಸರು ಬರುವುದಿಲ್ಲ, ಹಾಗಾಗಿ ದೊಡ್ಡ ‘-ಎಚ್’ ಸೇರಿಸಿ. ಒಂದು ಕಂತಿನಲ್ಲಿ ಏನೂ ಹೊಂದದೆ ನಿಮ್ಮ ಟೂಲ್ 1 ಕೊಟ್ಟರೂ ಎಕ್ಸ್‌ಆರ್ಗ್ಸ್ ಒಟ್ಟಾರೆ 123 ಕೊಡುತ್ತದೆ. ಆ ಸಂಖ್ಯೆ ನೋಡಿ ‘ಸಿಗಲಿಲ್ಲ’ ಎಂದು ತೀರ್ಮಾನಿಸುವ ಸ್ಕ್ರಿಪ್ಟ್ ಬರೆಯಬೇಡಿ.

ತಿದ್ದಿದ ಮೇಲೆ ಇಷ್ಟನ್ನು ಓಡಿಸಿ, ಪ್ರತಿ ಸಲ ‘ಎಕೋ $?’ ಹೊಡೆದು ಕೋಡ್ ನೋಡಿ:

ಎಕೋ ಮಳೆ | ಹುಡುಕು ಮಳೆ — ಸಾಲು ಬರಬೇಕು, 0
ಎಕೋ ಬಿಸಿಲು | ಹುಡುಕು ಮಳೆ — ಏನೂ ಇಲ್ಲ, 1
ಹುಡುಕು ಮಳೆ < /ಡೆವ್/ನಲ್ — ಕಾಯದೆ ಕೂಡಲೇ 1
ಎಕೋ -ಮಳೆ | ಹುಡುಕು -ಇ -ಮಳೆ — ಸಾಲು, 0
ಎಕೋ ಮಳೆ | ಹುಡುಕು ಮಳೆ ಇಲ್ಲದ-ಫೈಲ್ - — ಎರರ್‌ಗೆ ಒಂದು ದೂರು, ಹೆಸರಿನೊಂದಿಗೆ ಒಂದು ಸಾಲು, 2
ಹುಡುಕು '(' ಪಟ್ಟಿ-1 — ದೂರು ಮಾತ್ರ, 2
ಎಕೋ ಮರಿ | ಹುಡುಕು -ಡಬ್ಲ್ಯು ಮರ — ಏನೂ ಇಲ್ಲ, 1
ಯೆಸ್ ಮಳೆ | ಹುಡುಕು ಮಳೆ | ಹೆಡ್ -1 — ಒಂದು ಸಾಲು ಬಂದು ಪ್ರಾಂಪ್ಟ್ ಮರಳಬೇಕು

ಕೊನೆಯದರಲ್ಲಿ ಯೆಸ್ ಕಮಾಂಡ್ ‘ಮಳೆ’ಯನ್ನು ಕೊನೆಯಿಲ್ಲದೆ ಸುರಿಸುತ್ತದೆ. ಒಂದು ಸಾಲು ಬಂದು ಟ್ರೇಸ್‌ಬ್ಯಾಕ್ ಕಂಡರೆ ಸಿಗ್‌ಪೈಪ್ ಸಾಲು ಬಿಟ್ಟುಹೋಗಿದೆ. ಏನೂ ಬಾರದೆ ಮೆಮೊರಿ ಏರುತ್ತಲೇ ಹೋದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಎಲ್ಲೋ ಒಂದು ಕಡೆ ಇಡೀ ಇನ್‌ಪುಟ್‌ನ್ನು ಒಂದೇ ಸಲ ಓದುವ ರೀಡ್ ಅಥವಾ ರೀಡ್‌ಲೈನ್ಸ್ ಉಳಿದಿದೆ.